ಲೂಸಿಯಾನಾದಲ್ಲಿ ಅಲ್ಲೇ ಹುಟ್ಟಿದವರು ಜಾಸ್ತಿ, ನೆವಾಡಾದಲ್ಲಿ ಬಂದು ಸೇರಿದವರು ಜಾಸ್ತಿ. ಯಾಕೆ ಹೀಗೆ?

ಎಡದಂಡೆ ಮಾಸ್ತರ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನಲ್ಲಿ ಪಿಯು ಮಕ್ಕಳಿಗೆ ಭೂಗೋಳ ಕಲಿಸುತ್ತೇನೆ. ವಲಸೆಯ ಪಾಠಕ್ಕೆ ಈ ಸಲ ಅಮೆರಿಕದ ರಾಜ್ಯಗಳ ಲೆಕ್ಕ ತಗೊಂಡಿದ್ದೇನೆ. ‘ನೀವು ಹುಟ್ಟಿದ್ದು ಎಲ್ಲಿ’ ಅಂತ ಅಲ್ಲಿನ ಸರ್ಕಾರ 1850ರಿಂದಲೂ ಜನರನ್ನು ಕೇಳುತ್ತಾ ಬಂದಿದೆ. ಹಾಗಾಗಿ ಯಾವ ರಾಜ್ಯದಲ್ಲಿ ಎಷ್ಟು ಜನ ಅಲ್ಲೇ ಹುಟ್ಟಿದವರು, ಎಷ್ಟು ಜನ ಹೊರಗಿನಿಂದ ಬಂದವರು ಅನ್ನೋದು ಚೆನ್ನಾಗಿ ಗೊತ್ತಾಗುತ್ತದೆ.

2010ರ ಅಂಕಿ ನೋಡಿದೆ. ಲೂಸಿಯಾನಾದಲ್ಲಿ ವಾಸ ಇರುವ ನೂರು ಜನರಲ್ಲಿ ಸುಮಾರು 79 ಜನ ಅಲ್ಲೇ ಹುಟ್ಟಿದವರು. ಮಿಶಿಗನ್‌ನಲ್ಲಿ 77ರ ಹತ್ತಿರ. ಓಹಾಯೋದಲ್ಲಿ 75. ನೆವಾಡಾಕ್ಕೆ ಬಂದರೆ ಬರೀ 24. ಫ್ಲೋರಿಡಾದಲ್ಲಿ 35. ಇಡೀ ದೇಶದ ಲೆಕ್ಕ ತೆಗೆದರೆ 59. ಒಂದೇ ದೇಶ, ಒಂದೇ ದುಡ್ಡು, ಹೆಚ್ಚುಕಡಿಮೆ ಒಂದೇ ಭಾಷೆ. ಆದರೂ ಇಷ್ಟೊಂದು ಅಂತರ ಯಾಕೆ?

ನಾನು ಇದನ್ನು ಕೇಳುತ್ತಿರೋದು ಬರೀ ಪಾಠಕ್ಕಾಗಿ ಅಲ್ಲ. ನಮ್ಮ ತಾತ ಗುಂಟೂರು ಕಡೆಯವರು. ತುಂಗಭದ್ರಾ ಡ್ಯಾಮ್ 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಗೆ ನೀರು ಬಂತು. ಅಲ್ಲಿನ ಹೊಲ ಮಾರಿ ಇಲ್ಲಿ ಎರೆ ಹೊಲ ಕೊಂಡರು. ಹಾಗೆ ಬಂದವರು ಕಟ್ಟಿಕೊಂಡ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂತು, ರೈಸ್ ಮಿಲ್ ಬಂತು. ನಾನು ಹುಟ್ಟಿದ್ದು, ಓದಿದ್ದು, ಮದುವೆ ಆಗಿದ್ದು ಎಲ್ಲಾ ಇಲ್ಲೇ.

ನನ್ನ ಕ್ಲಾಸಿನಲ್ಲಿ ಹಳೇ ಊರುಗಳ ಮಕ್ಕಳಿದ್ದಾರೆ. ಕ್ಯಾಂಪಿನ ಮಕ್ಕಳಿದ್ದಾರೆ. ಪೂರ್ವ ಪಾಕಿಸ್ತಾನದಿಂದ ಬಂದವರಿಗೆ ಸರ್ಕಾರ ಜಮೀನು ಕೊಟ್ಟು ಕೂರಿಸಿದ ಆರ್‌ಎಚ್ ಕ್ಯಾಂಪಿನ ಬಂಗಾಳಿ ಮಕ್ಕಳೂ ಇದ್ದಾರೆ. ಮೊನ್ನೆ ಈ ಅಂಕಿ ಬೋರ್ಡಿನ ಮೇಲೆ ಬರೆದಾಗ ಒಬ್ಬ ಹುಡುಗ ಎದ್ದು ಹೇಳಿದ: “ಸರ್, ಹಂಗಾದ್ರೆ ಲೂಸಿಯಾನಾದ ಜನ ಅದೃಷ್ಟವಂತರು. ಅವರ ಊರು ಅವರ ಕೈಲೇ ಐತಿ.” ಕ್ಯಾಂಪಿನ ಹುಡುಗಿ ಒಬ್ಬಳು ತಕ್ಷಣ ಕೇಳಿದಳು: “ಸರ್, ನಾನು ಹುಟ್ಟಿದ್ದು ಇಲ್ಲೇ. ನನ್ನನ್ನು ಯಾವ ಲೆಕ್ಕಕ್ಕೆ ಹಾಕ್ತೀರಿ?” ಕ್ಲಾಸು ಸುಮ್ಮನಾಯಿತು. ಆ ಹುಡುಗಿಗೆ ಸರಿಯಾದ ಉತ್ತರ ಕೊಡಬೇಕು ಅಂತ ನನಗೆ ತುಂಬಾ ಅನ್ನಿಸಿದೆ.

ಅಲ್ಲೇ ಹುಟ್ಟಿದವರು ಜಾಸ್ತಿ ಇರುವ ರಾಜ್ಯ ಅಂದರೆ ಜನ ಸುಖವಾಗಿ ಉಳಿದುಕೊಂಡ ರಾಜ್ಯ ಅಂತ ಅರ್ಥವೇ? ಅಮೆರಿಕದಲ್ಲಿ ಇರುವವರು, ಅಲ್ಲಿನ ವಿಷಯ ಓದಿಕೊಂಡವರು ದಯವಿಟ್ಟು ಬರೆಯಿರಿ.

ಕುಷ್ಟಗಿ ಹುಡುಗ, ಈಗ ಡಲ್ಲಾಸ್

ಸರ್, ನಮಸ್ಕಾರ. ನಮ್ಮದು ಕುಷ್ಟಗಿ ತಾಲ್ಲೂಕು. ಕೆಲಸದ ಮೇಲೆ ಬಂದು ಟೆಕ್ಸಾಸ್‌ನಲ್ಲಿ ನೆಲೆಸಿದ್ದೇನೆ. ನನ್ನ ಮಗಳು ಇಲ್ಲೇ ಹುಟ್ಟಿದವಳು. ಹಾಗಾಗಿ ನಮ್ಮ ಮನೆಯಲ್ಲೇ ಎರಡೂ ಲೆಕ್ಕ ಇದೆ.

ನಿಮ್ಮ ಅಂಕಿ ಒಂದು ಪ್ರಶ್ನೆಗೆ ಮಾತ್ರ ಉತ್ತರ. ಈಗ ಇಲ್ಲಿ ಇರುವವರಲ್ಲಿ ಎಷ್ಟು ಜನ ಇಲ್ಲಿ ಹುಟ್ಟಿದವರು ಅನ್ನೋದು ಆ ಪ್ರಶ್ನೆ. ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇಡಿ. ಇಲ್ಲಿ ಹುಟ್ಟಿದವರಲ್ಲಿ ಎಷ್ಟು ಜನ ಇಲ್ಲೇ ಉಳಿದರು? ಎರಡನ್ನೂ ಒಟ್ಟಿಗೆ ನೋಡದೆ ಏನೂ ಹೇಳೋಕೆ ಆಗಲ್ಲ.

ಟೆಕ್ಸಾಸ್ ತಗೊಳ್ಳಿ. ಇಲ್ಲಿ ವಾಸ ಇರುವವರಲ್ಲಿ ನೂರಕ್ಕೆ 60ರಷ್ಟು ಜನ ಇಲ್ಲೇ ಹುಟ್ಟಿದವರು. ಅಂದರೆ ದೇಶದ ಸರಾಸರಿಯ ಹತ್ತಿರ. ಆದರೆ ಟೆಕ್ಸಾಸ್‌ನಲ್ಲಿ ಹುಟ್ಟಿದ ನೂರು ಜನರಲ್ಲಿ ಸುಮಾರು 82 ಜನ ಇವತ್ತಿಗೂ ಟೆಕ್ಸಾಸ್ ಬಿಟ್ಟಿಲ್ಲ. ಬೇರೆ ಯಾವ ರಾಜ್ಯವೂ ತನ್ನ ಮಕ್ಕಳನ್ನು ಇಷ್ಟು ಉಳಿಸಿಕೊಂಡಿಲ್ಲ. ವಯೋಮಿಂಗ್‌ನಲ್ಲಿ ಹುಟ್ಟಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದಾರೆ. ಟೆಕ್ಸಾಸ್‌ನಲ್ಲಿ ಹುಟ್ಟಿದವರೂ ಉಳಿದರು, ಹೊರಗಿನವರೂ ಬಂದರು. ಒಬ್ಬರು ಬಂದಿದ್ದಕ್ಕೆ ಇನ್ನೊಬ್ಬರು ಎದ್ದು ಹೋಗಲಿಲ್ಲ. ನಿಮ್ಮ ಆ ಹುಡುಗನಿಗೆ ನಾನಾದರೆ ಮೊದಲು ಇದನ್ನೇ ತೋರಿಸುತ್ತಿದ್ದೆ.

ಇನ್ನು ಲೂಸಿಯಾನಾ. ಅಲ್ಲಿ 79 ಬಂದಿರೋದಕ್ಕೆ ದೊಡ್ಡ ಕಾರಣ ಹೊರಗಿನಿಂದ ಬರುವವರು ಕಮ್ಮಿ ಅನ್ನೋದು. ಜನರಿಗೆ ಊರಿನ ಮೇಲೆ ಪ್ರೀತಿ ಇದೆ, ಇಲ್ಲ ಅಂತಲ್ಲ. ಅಡುಗೆ, ಸಂಗೀತ, ಹಬ್ಬ, ಚರ್ಚು ಎಲ್ಲದಕ್ಕೂ ಅವರದೇ ರೀತಿ ಇದೆ. ಆದರೆ ಪಕ್ಕದ ಹ್ಯೂಸ್ಟನ್‌ನಲ್ಲಿ ಕೆಲಸ ಬೆಳೆದ ಹಾಗೆ ಅಲ್ಲಿ ಬೆಳೆಯಲಿಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ ಸಾವಿರಾರು ಕುಟುಂಬಗಳು ಹ್ಯೂಸ್ಟನ್‌ಗೆ ಬಂದವು. ಎಷ್ಟೋ ಜನ ವಾಪಸ್ ಹೋಗಲೇ ಇಲ್ಲ. ಬೇರೆಯವರು ಬಾರದಿದ್ದರೆ ಊರು ಬಿಟ್ಟು ಹೋದವರ ಜಾಗ ಖಾಲಿ ಉಳಿಯುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಆ ಖಾಲಿ ಜಾಗ ಕಾಣಿಸುವುದೇ ಇಲ್ಲ.

ನೆವಾಡಾದ ಕಥೆ ಪೂರ್ತಿ ಬೇರೆ. 1950ರಲ್ಲಿ ಅಲ್ಲಿ ಇದ್ದವರು ಬರೀ 1 ಲಕ್ಷ 60 ಸಾವಿರ ಜನ. 2020ರಲ್ಲಿ 31 ಲಕ್ಷ. ಇಷ್ಟು ಬೇಗ ಹೆರಿಗೆಯಿಂದ ಬೆಳೆಯೋಕೆ ಸಾಧ್ಯವೇ ಇಲ್ಲ. 1931ರಲ್ಲಿ ಜೂಜಾಟಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಹೂವರ್ ಡ್ಯಾಮ್ ಕೆಲಸ ಶುರುವಾಯಿತು. ಡ್ಯಾಮಿನ ಕೂಲಿಗಳಿಗಾಗಿ ಬೋಲ್ಡರ್ ಸಿಟಿ ಅಂತ ಒಂದು ಊರನ್ನೇ ಹೊಸದಾಗಿ ಕಟ್ಟಿದರು. ತುಂಗಭದ್ರಾ ಡ್ಯಾಮಿನ ಪಕ್ಕದ ನಮ್ಮ ಮುನಿರಾಬಾದ್ ನೋಡಿದವರಿಗೆ ಅದು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಲಾಸ್ ವೇಗಸ್ ಹೋಟೆಲುಗಳು, ಮನೆ ಮನೆಗೂ ಏಸಿ, ಪಕ್ಕದ ಕ್ಯಾಲಿಫೋರ್ನಿಯಾಕ್ಕಿಂತ ಕಮ್ಮಿ ಬೆಲೆಗೆ ಮನೆ. ಫ್ಲೋರಿಡಾಕ್ಕೂ ಏಸಿ ಬಂದ ಮೇಲೆಯೇ ಜನ ನುಗ್ಗಿದ್ದು. ಚಳಿ ತಡೆಯಲಾಗದ ಉತ್ತರದ ರಾಜ್ಯಗಳ ವಯಸ್ಸಾದವರು ಪಿಂಚಣಿ ಹಿಡಿದು ಬಂದರು. 1940ರಲ್ಲಿ 19 ಲಕ್ಷ ಇದ್ದ ಫ್ಲೋರಿಡಾ 2020ಕ್ಕೆ 2 ಕೋಟಿ 15 ಲಕ್ಷ ಆಯಿತು.

ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಕ್ಯಾಲಿಫೋರ್ನಿಯಾದ ಲೆಕ್ಕ ನೋಡಬೇಕು. ಕಳೆದ ಶತಮಾನದ ಬಹುಪಾಲು ಅಲ್ಲಿ ಅಲ್ಲೇ ಹುಟ್ಟಿದವರು ಅರ್ಧಕ್ಕಿಂತ ಕಮ್ಮಿ ಇದ್ದರು. ಈಗ ಅರ್ಧಕ್ಕಿಂತ ಜಾಸ್ತಿ. ಹಳಬರೇನೂ ಜಾಸ್ತಿ ಆಗಲಿಲ್ಲ. ಬೇರೆ ರಾಜ್ಯಗಳಿಂದ ಬರುವವರು ಕಮ್ಮಿ ಆದರು. 1990ರಿಂದ ಈಚೆಗೆ ಹೆಚ್ಚುಕಡಿಮೆ ಪ್ರತಿ ವರ್ಷ ಬೇರೆ ರಾಜ್ಯಕ್ಕೆ ಹೋಗುವವರೇ ಬರುವವರಿಗಿಂತ ಜಾಸ್ತಿ. ಅದೇ ಹೊತ್ತಿಗೆ ಹಿಂದೆ ಬಂದವರಿಗೆ ಮಕ್ಕಳಾದವು. ಮೆಕ್ಸಿಕೋದವರ ಮಕ್ಕಳು, ಫಿಲಿಪೀನ್ಸ್‌ನವರ ಮಕ್ಕಳು, ನಮ್ಮವರ ಮಕ್ಕಳು. ಅವರೆಲ್ಲ ಗಣತಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ನನ್ನ ಮಗಳು ಟೆಕ್ಸಾಸ್‌ನವಳು, ನಾನು ಅಲ್ಲ. ನಿಮ್ಮ ವಿದ್ಯಾರ್ಥಿನಿ ಸಿಂಧನೂರಿನವಳು. ಇದರಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ.

ಸಂಡೂರು ಕಣಿವೆ, ಬಳ್ಳಾರಿ ಜಿಲ್ಲೆ

ಮಾಸ್ತರೇ, ಕುಷ್ಟಗಿ ತಮ್ಮ ಹೇಳಿದ್ದು ಸರಿ ಇದೆ. ನಾನು ಗಣಿ ಕಡೆಯ ಮನುಷ್ಯ. ಅದಿರು ಲಾರಿಗಳ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಹಾಗಾಗಿ ಅಮೆರಿಕದಲ್ಲೂ ನೆಲ ಅಗೆಯುವ ರಾಜ್ಯಗಳ ಬಗ್ಗೆ ಸಿಕ್ಕಿದ್ದೆಲ್ಲಾ ಓದುತ್ತೇನೆ. ಎರಡು ರಾಜ್ಯ ನಿಮ್ಮ ಪಾಠಕ್ಕೆ ಸೇರಿಸಿಕೊಳ್ಳಿ.

ಒಂದು ವೆಸ್ಟ್ ವರ್ಜೀನಿಯಾ. ಕಲ್ಲಿದ್ದಲಿನ ರಾಜ್ಯ. 1950ರಲ್ಲಿ 20 ಲಕ್ಷ ಜನ ಇದ್ದರು. ಕಲ್ಲಿದ್ದಲು ಕಡಿಯೋಕೆ ಯಂತ್ರ ಬಂತು. ಅದಿರಿನ ಜಾಗದಲ್ಲಿ ಇದ್ದವರಿಗೆ ಇದು ಗೊತ್ತು: ಮಾಲು ಅಷ್ಟೇ ಹೊರಗೆ ಹೋಗುತ್ತದೆ, ಆಳು ಮಾತ್ರ ಕಾಲು ಭಾಗ ಸಾಕಾಗುತ್ತದೆ. ಜನ ಓಹಾಯೋದ ಟೈರ್ ಕಾರ್ಖಾನೆಗೆ, ಮಿಶಿಗನ್‌ನ ಕಾರು ಕಾರ್ಖಾನೆಗೆ ಹೋದರು. 2020ರಲ್ಲಿ ಅಲ್ಲಿ ಉಳಿದವರು 18 ಲಕ್ಷಕ್ಕಿಂತ ಕಮ್ಮಿ. ಎಪ್ಪತ್ತು ವರ್ಷದಲ್ಲಿ ಇಡೀ ಅಮೆರಿಕದ ಜನಸಂಖ್ಯೆ ದುಪ್ಪಟ್ಟು ಆಯಿತು, ಈ ಒಂದು ರಾಜ್ಯ ಮಾತ್ರ ಕರಗಿತು. ಆದರೂ ಅಲ್ಲೇ ಹುಟ್ಟಿದವರ ಪಾಲು ನೋಡಿದರೆ ದೇಶದ ಸರಾಸರಿಗಿಂತ ಮೇಲೆ! ನಿಮ್ಮ ಹುಡುಗ ‘ಅವರ ಊರು ಅವರ ಕೈಲೇ ಐತಿ’ ಅಂದನಲ್ಲ, ಈ ಊರುಗಳಲ್ಲಿ ಊರು ಕೈಲಿದೆ, ಮಕ್ಕಳು ಮಾತ್ರ ಕೈಲಿಲ್ಲ.

ಇನ್ನೊಂದು ನಾರ್ತ್ ಡಕೋಟಾ. 1930ರಲ್ಲಿ 6 ಲಕ್ಷ 80 ಸಾವಿರ ಜನ. 2000ದಲ್ಲಿ 6 ಲಕ್ಷ 42 ಸಾವಿರ. ಗೋಧಿ ಹೊಲಗಳು ದೊಡ್ಡದಾದವು, ಟ್ರ್ಯಾಕ್ಟರ್ ಬಂದವು, ಹುಡುಗರು ಹೋದರು. ಆಮೇಲೆ ಬಾಕನ್ ಅನ್ನುವ ಕಡೆ ಬಂಡೆ ಒಡೆದು ಎಣ್ಣೆ ತೆಗೆಯುವ ವಿದ್ಯೆ ಬಂತು. ವಿಲಿಸ್ಟನ್ ಅಂತ ಒಂದು ಊರು 2010ರಲ್ಲಿ 14,700 ಜನ ಇದ್ದದ್ದು 2020ಕ್ಕೆ 29 ಸಾವಿರ ಆಯಿತು. ಗಂಡಸರು ಒಬ್ಬೊಬ್ಬರೇ ಬಂದು ಕಂಟೇನರ್ ಶೆಡ್ಡುಗಳಲ್ಲಿ ಇದ್ದರು. ಬಾಡಿಗೆ ಆಕಾಶಕ್ಕೆ ಹೋಯಿತು. 2014ರ ಕೊನೆಗೆ ಎಣ್ಣೆ ಬೆಲೆ ಬಿದ್ದಾಗ ಎಷ್ಟೋ ಜನ ಗಂಟುಮೂಟೆ ಕಟ್ಟಿದರು.

ಇದನ್ನು ಓದುವಾಗ ನನ್ನ ಕಣ್ಣಿಗೆ ನಮ್ಮ ಹೊಸಪೇಟೆ, ಸಂಡೂರು ರಸ್ತೆಯೇ ಬಂತು. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ಎಲ್ಲೆಲ್ಲಿಂದಲೋ ಡ್ರೈವರು, ಕ್ಲೀನರು, ಡಾಬಾದವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು, ಬೆಟ್ಟಗಳ ಸ್ಥಿತಿ ಹಾಗಾಗಿತ್ತು. ಆದರೆ ಸಾಲ ಮಾಡಿ ಲಾರಿ ತಗೊಂಡ ಇಲ್ಲಿಯವರೇ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು. ಬಂದವರು ಹೋದರು, ಇದ್ದವರೂ ಹೋದರು. ಈಗ ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ ಸುತ್ತ ಒಡಿಶಾ, ಬಿಹಾರ, ಜಾರ್ಖಂಡ್ ಹುಡುಗರು ತುಂಬಿದ್ದಾರೆ. ಅವರಲ್ಲಿ ಎಷ್ಟು ಜನ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾರೆ ಅನ್ನೋದನ್ನು ನೋಡಿ. ನಾಳೆ ಅಲ್ಲಿ ಊರು ನಿಲ್ಲುತ್ತದೋ ಇಲ್ಲವೋ ಅಂತ ಅದರ ಮೇಲೆ ಹೇಳಬಹುದು.

ಯಲಬುರ್ಗಾ ಸಿಸ್ಟರ್

ನಾನು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಹುಟ್ಟಿದ ಊರಿನ ಲೆಕ್ಕವನ್ನು ನಮ್ಮ ಕಡೆ ಹಾಗೇ ತಂದು ಹಾಕಬೇಡಿ ಸರ್. ನಮ್ಮಲ್ಲಿ ಮೊದಲ ಹೆರಿಗೆ ತವರು ಮನೆಯಲ್ಲಿ. ಗಂಡನ ಮನೆ ಮಾನ್ವಿ, ತವರು ಯಲಬುರ್ಗಾ ಅಂದರೆ ಮಗು ಹುಟ್ಟೋದು ಯಲಬುರ್ಗಾದಲ್ಲಿ. ಐದು ತಿಂಗಳಿಗೆ ತೊಟ್ಟಿಲ ಸಮೇತ ಮಾನ್ವಿಗೆ ಹೋಗುತ್ತದೆ. ಹುಟ್ಟಿದ ಊರು ಮಾತ್ರ ನೋಡಿದರೆ ಆ ಮಗು ತನ್ನ ಅಪ್ಪನ ಊರಲ್ಲೇ ವಲಸೆ ಬಂದಿದ್ದು ಅಂತ ಆಗುತ್ತದೆ. ಆಂಧ್ರದ ಆದೋನಿ, ತೆಲಂಗಾಣದ ಗದ್ವಾಲದಲ್ಲಿ ತವರು ಇರುವ ರಾಯಚೂರು ಸೊಸೆಯಂದಿರು ಎಷ್ಟು ಜನ! ಅವರ ಚೊಚ್ಚಲ ಮಕ್ಕಳೆಲ್ಲ ಬೇರೆ ರಾಜ್ಯದಲ್ಲಿ ಹುಟ್ಟಿದವರು ಅಂತ ಲೆಕ್ಕ.

ಹೆಂಗಸರ ವಿಷಯವೂ ಹಾಗೇ. 2011ರ ಗಣತಿಯಲ್ಲಿ ದೇಶದಲ್ಲಿ 45 ಕೋಟಿಗೂ ಜಾಸ್ತಿ ವಲಸಿಗರು ಅಂತ ಬಂತು. ಅದರಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ಹೆಚ್ಚಿನವರು ಮದುವೆ ಆಗಿ ಊರು ಬದಲಾಯಿಸಿದವರು. ಪಕ್ಕದ ಊರಿಗೆ ಹೋದ ಸೊಸೆಯೂ ಅದರಲ್ಲಿ ಸೇರಿದ್ದಾಳೆ. ನಾನೂ ಸೇರಿದ್ದೇನೆ. ‘ಹೊರಗಿನವರು’ ಅಂತ ಮಾತಾಡುವ ಹುಡುಗರು ತಮ್ಮ ತಾಯಿ ಎಲ್ಲಿಂದ ಬಂದವರು ಅಂತ ಒಂದು ಸಲ ಯೋಚನೆ ಮಾಡಲಿ.

ಆದರೆ ಗುಳೆ ಹೋಗುವವರು ಈ ಲೆಕ್ಕದಲ್ಲಿ ಸರಿಯಾಗಿ ಸಿಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಳೆ ಬಿದ್ದರೆ ವಾಪಸ್. ರೇಷನ್ ಕಾರ್ಡು ಇಲ್ಲಿ, ವೋಟು ಇಲ್ಲಿ, ದುಡಿಮೆ ಅಲ್ಲಿ. ಬಸುರಿ ಹೆಂಗಸರು ತಾಯಿ ಕಾರ್ಡು ಇಲ್ಲಿ ಮಾಡಿಸಿ ಅಲ್ಲಿ ತಪಾಸಣೆ ಇಲ್ಲದೆ ಆರು ತಿಂಗಳು ಕಳೆದು ಬರುತ್ತಾರೆ. ಅವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಪಾಠದಲ್ಲಿ ಅವರಿಗೂ ಒಂದು ಜಾಗ ಇರಲಿ ಸರ್.

ಎಡದಂಡೆ ಮಾಸ್ತರ, ಸಿಂಧನೂರು

ಮೂವರಿಗೂ ತುಂಬಾ ಧನ್ಯವಾದ. ಸಿಸ್ಟರ್, ನಿಮ್ಮ ಮಾತು ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ. ನನ್ನ ದೊಡ್ಡ ಮಗನೂ ಗಂಗಾವತಿಯಲ್ಲಿ, ಅಜ್ಜಿಯ ಮನೆಯಲ್ಲಿ ಹುಟ್ಟಿದವನು.

ಕುಷ್ಟಗಿಯವರಿಗೆ ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಸಂವಿಧಾನದ 371(ಜೆ) ವಿಧಿ ಇದೆ. ಕಲ್ಯಾಣ ಕರ್ನಾಟಕದ ಮೀಸಲಾತಿ ಸಿಗಬೇಕಾದರೆ ಇಲ್ಲಿ ಹುಟ್ಟಿರಬೇಕು, ಇಲ್ಲವೇ ಅದು ಜಾರಿಯಾಗುವ ಮುಂಚೆ ಹತ್ತು ವರ್ಷ ಇಲ್ಲಿ ನೆಲೆಸಿರಬೇಕು. ನಮ್ಮ ಭಾಗ ಎಷ್ಟು ಹಿಂದೆ ಬಿದ್ದಿತ್ತು ಅಂತ ನೋಡಿದವನು ನಾನು. ಈ ಮೀಸಲಾತಿ ಬೇಕೇ ಬೇಕು ಅನ್ನುವವನು. ಅಮೆರಿಕದಲ್ಲಿ ರಾಜ್ಯಗಳು ಹೀಗೆ ಸ್ಥಳೀಯರು, ಹೊಸಬರು ಅಂತ ಬೇರೆ ಮಾಡಬಹುದಾ?

ಕುಷ್ಟಗಿ ಹುಡುಗ, ಈಗ ಡಲ್ಲಾಸ್

ತುಂಬಾ ಕಷ್ಟ ಸರ್. ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿ ಪ್ರಕಾರ ಅಮೆರಿಕದ ಪ್ರಜೆ ಯಾವ ರಾಜ್ಯದಲ್ಲಿ ವಾಸ ಇದ್ದಾನೋ ಆ ರಾಜ್ಯದ ಪ್ರಜೆ. ಹುಟ್ಟಿದ್ದು ಎಲ್ಲಿ ಅಂತ ನೋಡಿ ಬೇರೆ ಮಾಡುವ ಹಾಗಿಲ್ಲ. ಆದರೆ ರಾಜ್ಯಗಳು ಪ್ರಯತ್ನ ಮಾಡದೆ ಬಿಟ್ಟಿಲ್ಲ.

1930ರ ದಶಕದಲ್ಲಿ ಒಕ್ಲಹೋಮ, ಟೆಕ್ಸಾಸ್, ಕನ್ಸಾಸ್ ಕಡೆ ಬರ ಬಿತ್ತು. ಧೂಳಿನ ಬಿರುಗಾಳಿಗೆ ಹೊಲದ ಮೇಲ್ಮಣ್ಣೇ ಹಾರಿ ಹೋಯಿತು. ಜನ ಹಳೇ ಕಾರುಗಳಿಗೆ ಹಾಸಿಗೆ, ಪಾತ್ರೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟರು. 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ತನ್ನ 136 ಪೊಲೀಸರನ್ನು ರಾಜ್ಯದ ಗಡಿಗೆ ಕಳಿಸಿ, ಕೈಯಲ್ಲಿ ದುಡ್ಡಿಲ್ಲದವರನ್ನು ವಾಪಸ್ ಅಟ್ಟಿಸಿದ. ಬಂದವರೂ ಅಮೆರಿಕನ್ನರೇ! ಬಡವರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧ ಅನ್ನುವ ಕಾನೂನೂ ಅಲ್ಲಿ ಇತ್ತು.

ಕ್ಯಾಲಿಫೋರ್ನಿಯಾದ ಮೇರಿಸ್‌ವಿಲ್‌ನಲ್ಲಿ ಎಡ್ವರ್ಡ್ಸ್ ಅಂತ ಒಬ್ಬರಿದ್ದರು. 1939ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಸ್ಪರ್ ಅನ್ನುವ ಊರಿಗೆ ಹೋಗಿ ಹೆಂಡತಿಯ ಸೋದರನನ್ನು ಮನೆಗೆ ಕರೆತಂದರು. ಆತನಿಗೆ ಕೆಲಸ ಇರಲಿಲ್ಲ. ಹೊರಡುವಾಗ ಕೈಯಲ್ಲಿದ್ದದ್ದು ಸುಮಾರು 20 ಡಾಲರ್, ಬಂದು ಸೇರುವ ಹೊತ್ತಿಗೆ ಅದೂ ಖರ್ಚಾಗಿತ್ತು. ಹೆಂಡತಿಯ ಸೋದರನನ್ನು ಕರೆತಂದ ತಪ್ಪಿಗೆ ಎಡ್ವರ್ಡ್ಸ್‌ಗೆ ಆರು ತಿಂಗಳ ಶಿಕ್ಷೆ ಹಾಕಿ, ಅದನ್ನು ಅಮಾನತಿನಲ್ಲಿ ಇಟ್ಟರು. ಕೇಸು ಸುಪ್ರೀಂ ಕೋರ್ಟ್‌ಗೆ ಹೋಯಿತು. 1941ರಲ್ಲಿ ನ್ಯಾಯಮೂರ್ತಿಗಳೆಲ್ಲ ಒಟ್ಟಾಗಿ ಆ ಕಾನೂನನ್ನು ಹೊಡೆದುಹಾಕಿದರು. ಬರಗಾಲದಲ್ಲಿ ಸಂಬಂಧಿಕರ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬದುಕಿದ ನಮ್ಮ ಜನಕ್ಕೆ ಈ ಕೇಸು ಚೆನ್ನಾಗಿ ಅರ್ಥ ಆಗುತ್ತದೆ. ಮಕ್ಕಳಿಗೆ ಪೂರ್ತಿ ಹೇಳಿ ಸರ್.

ಆಮೇಲೂ ಕ್ಯಾಲಿಫೋರ್ನಿಯಾ ಬಿಡಲಿಲ್ಲ. ಹೊಸದಾಗಿ ಬಂದ ಬಡ ಕುಟುಂಬಕ್ಕೆ ಮೊದಲ ವರ್ಷ ಅವರ ಹಳೇ ರಾಜ್ಯದಲ್ಲಿ ಸಿಗುತ್ತಿದ್ದಷ್ಟೇ ಸಹಾಯಧನ ಅಂತ ನಿಯಮ ಮಾಡಿತು. 1999ರಲ್ಲಿ ಅದೂ ಕೋರ್ಟಿನಲ್ಲಿ ಬಿದ್ದುಹೋಯಿತು. ಇವತ್ತು ಉಳಿದಿರುವ ದೊಡ್ಡ ವ್ಯತ್ಯಾಸ ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸು. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ 12 ತಿಂಗಳು ನೆಲೆಸಿದ್ದರೆ ಸ್ಥಳೀಯರ ಫೀಸು, ಇಲ್ಲದಿದ್ದರೆ ಕೆಲವು ಪಟ್ಟು ಜಾಸ್ತಿ.

ಸಂಡೂರು ಕಣಿವೆ, ಬಳ್ಳಾರಿ ಜಿಲ್ಲೆ

ಕೇಸು ಓದಿ ಸಂತೋಷ ಆಯಿತು. ಒಂದು ಮಾತು ಮಾತ್ರ ಸೇರಿಸುತ್ತೇನೆ. ಹಳಬರ ಸಂಕಟವನ್ನೂ ಮಕ್ಕಳಿಗೆ ಹೇಳಿ. ವಿಲಿಸ್ಟನ್‌ನಲ್ಲಿ ಪಿಂಚಣಿ ಮೇಲೆ ಬದುಕುತ್ತಿದ್ದ ಮುದುಕರು ಬಾಡಿಗೆ ಕಟ್ಟಲಾಗದೆ ಹುಟ್ಟಿದ ಊರು ಬಿಟ್ಟರು. ನಿಮ್ಮ ಕಡೆಯೂ ಕಾಲುವೆ ನೀರು ಬರುತ್ತದೆ ಅಂತ ಸರಿಯಾಗಿ ಗೊತ್ತಿಲ್ಲದ ಎಷ್ಟೋ ಹಳೇ ರೈತರು ಕಮ್ಮಿ ಬೆಲೆಗೆ ಹೊಲ ಮಾರಿ, ಆಮೇಲೆ ಅದೇ ಹೊಲದಲ್ಲಿ ಕೂಲಿ ಮಾಡಿದರು. ಆ ಹುಡುಗ ಎದ್ದು ಮಾತಾಡಿದ್ದಕ್ಕೂ ಮನೆಯಲ್ಲಿ ಕೇಳಿದ ಅಂಥ ಕಥೆ ಏನಾದರೂ ಇರಬಹುದು. ಅವನನ್ನು ಗದರಬೇಡಿ.

ಎಡದಂಡೆ ಮಾಸ್ತರ, ಸಿಂಧನೂರು

ಗದರಲ್ಲ ಅಣ್ಣ. ನೀವು ಹೇಳಿದ್ದು ನಿಜ. ಅವನ ಅಜ್ಜನ ಹೊಲದ ವಿಷಯ ನನಗೂ ಗೊತ್ತು, ಅದನ್ನು ಕೊಂಡವರು ನಮ್ಮ ಕ್ಯಾಂಪಿನವರೇ. ಕ್ಲಾಸಿನಲ್ಲಿ ಈ ಸಲ ಎರಡು ಕಾಲಂ ಹಾಕುತ್ತೇನೆ. ಈಗ ಇಲ್ಲಿರುವವರಲ್ಲಿ ಇಲ್ಲಿ ಹುಟ್ಟಿದವರು ಎಷ್ಟು ಅಂತ ಒಂದು, ಇಲ್ಲಿ ಹುಟ್ಟಿದವರಲ್ಲಿ ಉಳಿದವರು ಎಷ್ಟು ಅಂತ ಇನ್ನೊಂದು. ಮೊದಲು ಅಮೆರಿಕದ ರಾಜ್ಯಗಳು, ಆಮೇಲೆ ಮಕ್ಕಳದೇ ಮನೆಗಳು. ಗುಳೆ ಹೋದ ಮನೆಗಳಿಗೆ ಬೇರೆ ಕಾಲಂ.

ಮಿಶಿಗನ್ ಮಾತ್ರ ನನಗೆ ಇನ್ನೂ ಪೂರ್ತಿ ಬಿಡಿಸಿಲ್ಲ. ಒಂದು ಕಾಲಕ್ಕೆ ದಕ್ಷಿಣದ ಕಪ್ಪು ಜನ, ವೆಸ್ಟ್ ವರ್ಜೀನಿಯಾದ ಬಿಳಿ ಜನ, ಎಲ್ಲರೂ ಕಾರು ಕಾರ್ಖಾನೆಗೆ ಅಂತ ಬಂದು ತುಂಬಿದ ರಾಜ್ಯ ಅದು. ಈಗ 77 ಅಂದರೆ ಆ ಬಂದವರ ಮೊಮ್ಮಕ್ಕಳೇ ಅಲ್ವಾ? ಡೆಟ್ರಾಯಿಟ್ ಕಡೆ ಇರುವವರು ಯಾರಾದರೂ ಇದ್ದರೆ ಬರೆಯಿರಿ.